ಗಂಟೆ ಕಟ್ಟಿದ ಕೈ

ಕುರಿ ಕಾಯುವ ನಾಯಿ ಕೆಂದ ಪಾತಣ್ಣನ ಕೈ ಕಚ್ಚಿದ ಸುದ್ದಿ ಮಧ್ಯಾಹ್ನದೊಳಗೆ ಹಟ್ಟಿಯ ಎಲ್ಲ ಮನೆಗಳಿಗೂ ತಲುಪಿತ್ತು. ತಲುಪಿದ ಮನೆಗಳೆಲ್ಲ ತಮ್ಮ ತಮ್ಮ ತೀರ್ಪನ್ನೂ ಕೊಟ್ಟು ಮುಗಿಸಿದ್ದವು. ನಾಯಿಗೆ ಹುಚ್ಚು ಎಂದರು ಕೆಲವರು, ಸೊಕ್ಕು ಎಂದರು ಕೆಲವರು. ಎದುರುಮನೆಯ ಮುದುಕಿ ಇದು ಯಾರದೋ ಕೆಟ್ಟ ಕಣ್ಣು ಎಂದು ಸಾರಿ, ಆ ಕಣ್ಣು ಯಾರದೆಂದು ಮಾತ್ರ ಹೇಳದೆ ಬಾಗಿಲು ಹಾಕಿಕೊಂಡಳು. ಪಾತಣ್ಣನ ಹೆಂಡತಿ ಜುಂಜಮ್ಮ ಯಾವ ತೀರ್ಪೂ ಕೊಡಲಿಲ್ಲ. ಗಂಡನ ಕೈಯನ್ನು ಸೋಪು ಹಾಕಿ ತೊಳೆದು, ಮಗ ಈರೇಶನ ಬೈಕಿನ ಹಿಂದೆ ಕೂರಿಸಿ, ಇಂಜೆಕ್ಷನ್ ಹಾಕಿಸಲು ನಾಯಕನಹಟ್ಟಿಗೆ ಕಳಿಸಿದಳು. ಆಮೇಲೆ ಕುರಿ ರೊಪ್ಪದ ಹಿಂದಿನ ಜಾಲಿಮರದ ಹತ್ತಿರ ಹೋದಳು. ಕೆಂದನನ್ನು ಅಲ್ಲಿ ಸರಪಳಿ ಬಿಗಿದು ಕಟ್ಟಿಹಾಕಿದ್ದರು. ಬೆನ್ನ ಮೇಲೆ ಕೋಲಿನ ಬಾಸುಂಡೆಗಳು ಎದ್ದಿದ್ದವು. ಕೊರಳಲ್ಲಿ ಒಂದು ಹಿತ್ತಾಳೆ ಗಂಟೆ ನೇತಾಡುತ್ತಿತ್ತು.

ಕೆಂದನನ್ನು ಸಾಕಿದವಳು ಜುಂಜಮ್ಮ. ಮರಿ ಇನ್ನೂ ಕಣ್ಣು ಬಿಡುವ ಮೊದಲೇ ಅದರ ತಾಯಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿತ್ತು. ಕುರಿಹಾಲಿನಲ್ಲಿ ಅರಳೆ ಅದ್ದಿ ಬಾಯಿಗಿಟ್ಟು ಇವಳು ಅದನ್ನು ಬದುಕಿಸಿದ್ದಳು. ಕುರಿಮರಿಗಳ ನಡುವೆ ಬೆಳೆದ ಅದಕ್ಕೆ ತಾನೊಂದು ನಾಯಿ ಎಂಬುದೇ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ವರವು ಕಾವಲ್ ಎಂಬ ಹುಲ್ಲುಗಾವಲಿನ ಕಡೆಯಿಂದ ಬರುವ ತೋಳಗಳಿಗೂ ಅದನ್ನು ಚೆನ್ನಾಗಿ ತಿಳಿಸಿಕೊಟ್ಟಿತ್ತು. ಹೋದ ವರ್ಷ ಜುಂಜಮ್ಮ ಒಬ್ಬಳೇ ಮಂದೆ ಕಾಯುತ್ತಿದ್ದಾಗ ಜ್ವರ ಏರಿ ಬಯಲಲ್ಲೇ ಬಿದ್ದುಬಿಟ್ಟಿದ್ದಳು. ಈರೇಶ ಹುಡುಕಿಕೊಂಡು ಬರುವವರೆಗೂ ಕೆಂದ ಕುರಿಗಳನ್ನೆಲ್ಲ ಅವಳ ಸುತ್ತಲೇ ನಿಲ್ಲಿಸಿಕೊಂಡು ಕಾದಿತ್ತು.

ಅಂಥ ನಾಯಿ ದೀಪಾವಳಿ ಕಳೆದ ಮೇಲೆ ಕೆಟ್ಟುಹೋಯಿತು. ಮಂದೆಯ ಜೊತೆ ಹೊರಟು ನಡುದಾರಿಯಲ್ಲಿ ಮಾಯವಾಗತೊಡಗಿತು. ಕುರಿ ಹತ್ತಿರ ಬಂದರೆ ಹಲ್ಲು ಕಿರಿಯತೊಡಗಿತು. ಒಂದು ದಿನ ಮಂದೆಯ ಮುಂದಾಳು ಕುರಿ ಚುಕ್ಕಿಯ ಕಿವಿಗೇ ಬಾಯಿ ಹಾಕಿತು. ಪಾತಣ್ಣ ಕುರಿಗಾರರ ಮನೆಯಲ್ಲಿ ಹುಟ್ಟಿ ಬೆಳೆದವನು, ಅವನಿಗೆ ತೋಚಿದ್ದೂ ಕುರಿಗಾರನಿಗೆ ಮಾತ್ರ ತೋಚುವ ಉಪಾಯವೇ. ತಪ್ಪಿಸಿಕೊಳ್ಳುವ ಕುರಿಗೆ ಗಂಟೆ ಕಟ್ಟುತ್ತಾರೆ, ತಪ್ಪಿಸಿಕೊಳ್ಳುವ ನಾಯಿಗೂ ಕಟ್ಟಿದರಾಯಿತು. ಗಂಟೆಯ ಸದ್ದು ಕೇಳಿದರೆ ಕುರಿಗಾರರಿಗೆ ಮಂದೆ ಇಲ್ಲೇ ಇದೆ ಎಂಬ ಧೈರ್ಯ. ಆ ಸದ್ದನ್ನು ಕೇಳುತ್ತಲೇ ಅವರು ಉಣ್ಣುತ್ತಾರೆ, ಕೇಳುತ್ತಲೇ ಮಲಗುತ್ತಾರೆ. ಅದಕ್ಕೆ ಯಾರಾದರೂ ಹೆದರುತ್ತಾರೆ ಎಂದರೆ ಕೂಸು ಹಾಲಿಗೆ ಹೆದರಿತು ಎಂದ ಹಾಗೆ. ಪಾತಣ್ಣ ತನ್ನಪ್ಪನ ಕಾಲದ ಗಂಟೆಯನ್ನು ಹುಡುಕಿ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಕೆಂದನ ಕೊರಳಿಗೆ ಬಿಗಿದ. ಇನ್ನೆಲ್ಲಿಗೆ ಹೋಗ್ತೀಯೋ ಹೋಗು ಎಂದು ಮೀಸೆ ತಿರುವಿದ.

ಕೆಂದ ಎಲ್ಲಿಗೂ ಹೋಗಲಿಲ್ಲ. ನಿಂತಲ್ಲೇ ನಡುಗಿತು. ನಡುಗಿದರೆ ಗಂಟೆ ಅಲ್ಲಾಡುತ್ತಿತ್ತು, ಅಲ್ಲಾಡಿದರೆ ಅದು ಇನ್ನಷ್ಟು ನಡುಗುತ್ತಿತ್ತು. ಗೋಡೆಗೆ ಕೊರಳು ತಿಕ್ಕಿತು, ನೆಲದಲ್ಲಿ ಹೊರಳಿತು, ಅನ್ನ ಬಿಟ್ಟಿತು, ನಿದ್ದೆ ಬಿಟ್ಟಿತು. ನಾಟಕ ಎಂದ ಪಾತಣ್ಣ. ಆ ಬೆಳಗ್ಗೆ ಅದನ್ನು ಕೊರಳಪಟ್ಟಿ ಹಿಡಿದು ಮಂದೆಯ ಕಡೆ ಎಳೆಯಲು ಹೋದಾಗ ಅದು ಕಚ್ಚಿತು. ಅವನು ಕೋಲು ತೆಗೆದುಕೊಂಡ.

ಸಂಜೆಗೆ ಪಾತಣ್ಣನ ಭಾವ ದೊಡ್ಡೀರಪ್ಪ ರಾಂಪುರದಿಂದ ಬಂದ. ಬಳ್ಳಾರಿ ಕಡೆ ಭತ್ತದ ಕೊಯ್ಲು ಮುಗಿಯುತ್ತ ಬಂದಿತ್ತು. ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಹೊತ್ತು ಕುರಿ ಮಂದೆ ತರುಬಿ ನಿಲ್ಲಿಸುವುದು ಅಲ್ಲಿಯ ರೈತರ ವಾಡಿಕೆ. ಅದಕ್ಕಾಗಿ ಪಾತಣ್ಣ, ದೊಡ್ಡೀರಪ್ಪ ಇಬ್ಬರೂ ವರ್ಷಾ ವರ್ಷಾ ಮಂದೆಗಳನ್ನು ಕೂಡಿಸಿಕೊಂಡು ಹೊರಡುತ್ತಿದ್ದರು. ಹೊರಡುವ ದಿನ ಗೊತ್ತು ಮಾಡಲು ಬಂದವನು ಪಾತಣ್ಣನ ಕೈಯ ಬಟ್ಟೆ ನೋಡಿ ಮುಖ ಗಂಟಿಕ್ಕಿದ.

"ಯಜಮಾನನ ಕೈಗೇ ಬಾಯಿ ಹಾಕಿದ ನಾಯೀನ ಮಂದೇಲಿ ಇಟ್ಕಂಡ್ರೆ ನಾಳೆ ಮರೀನೂ ತಿಂತೈತೆ ಪಾತಣ್ಣ. ಚಳ್ಳಕೆರೆಗೆ ಶೇಂಗಾ ಲಾರಿ ಹೋಗ್ತಾವಲ್ಲ, ಹತ್ತಿಸಿ ಕಳ್ಸು. ಎಣ್ಣೆ ಮಿಲ್ಲಿನ ಹತ್ರ ಇಳಿಸಿದ್ರೆ ಎಲ್ಲಾದ್ರೂ ಬದುಕ್ಕಂತೈತೆ."

"ಅದು ಪ್ಯಾಟೆ ಕಂಡಿಲ್ಲಣ್ಣ," ಎಂದಳು ಜುಂಜಮ್ಮ. "ಅಲ್ಲಿ ಬಿಟ್ರೆ ಒಂದಿನಾನೂ ಉಳಿಯಲ್ಲ."

"ಊರ್ಕೋಮ್ಮ," ಎಂದ ದೊಡ್ಡೀರಪ್ಪ. ಸುಮ್ಮನಿರು ಎನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ಮೆತ್ತಗೆ ಕೇಳಿಸುತ್ತದೆ ಎಂದು ಅವನ ನಂಬಿಕೆ.

ಪಾತಣ್ಣ ಕೈಯ ಬಟ್ಟೆ ನೋಡಿಕೊಂಡ. ಕಚ್ಚಿದ ನಾಯಿಯ ಮೇಲೆ ಕೆಲವು ದಿನ ಕಣ್ಣಿಡಬೇಕು ಎಂದು ಆಸ್ಪತ್ರೆಯವರು ಬೇರೆ ಹೇಳಿದ್ದರು. "ಮಂದೆ ಹೊರಡೋವರ್ಗೂ ಇರ್ಲಿ," ಎಂದ. "ಅಷ್ಟರಾಗೆ ದಾರಿಗೆ ಬಂದ್ರೆ ನಮ್ಮ ಜೊತೆ ಬರ್ತೈತೆ. ಇಲ್ಲಾಂದ್ರೆ ಲಾರಿ. ಇದರ ಮ್ಯಾಲೆ ಮಾತಿಲ್ಲ."

ಅವನು ಮಾತಿಲ್ಲ ಎಂದ ಮೇಲೆ ಆ ಮನೆಯಲ್ಲಿ ಮಾತಾಡಿದವರಿಲ್ಲ. ಜುಂಜಮ್ಮ ಒಳಗೆ ಹೋಗಿ ಮುದ್ದೆ ತೊಳಸಿದಳು. ತೊಳಸುತ್ತ ತೊಳಸುತ್ತ ಕಣ್ಣೀರು ಹಾಕಿದಳು. ಹೊಗೆ ಅಂದುಕೊಳ್ಳಲಿ ಎಂದರೆ ಅಡುಗೆಮನೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದವು.

ಈರೇಶನ ಹೆಂಡತಿ ಮಾಲತಿ ಬಾಯಿ ಮುಚ್ಚಿಕೊಂಡಿರುವ ಜಾತಿಯವಳಲ್ಲ. ಆ ವಾರ ಪಶುವೈದ್ಯೆ ದಾಕ್ಷಾಯಿಣಿ ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಗೆ ಬಂದಾಗ, ಕೊನೆಯ ಕುರಿಯನ್ನು ಬಿಡುತ್ತಿದ್ದ ಹಾಗೇ ಅವರ ಕೈ ಹಿಡಿದು ಜಾಲಿಮರದ ಹತ್ತಿರ ಕರೆದುಕೊಂಡು ಹೋದಳು. ಇಂಜೆಕ್ಷನ್ನೋ ಮಾತ್ರೆಯೋ ಕೊಡುತ್ತಾರೆ ಎಂದು ಜುಂಜಮ್ಮ ಅಂದುಕೊಂಡಿದ್ದಳು. ಡಾಕ್ಟರಮ್ಮ ನಾಯಿಯನ್ನು ಮುಟ್ಟಲೂ ಇಲ್ಲ. ದೂರದಲ್ಲೊಂದು ಕಲ್ಲಿನ ಮೇಲೆ, ಅದಕ್ಕೆ ಮಗ್ಗುಲಾಗಿ ಕೂತು, ಶೇಂಗಾ ಬಿಡಿಸಿ ತಿನ್ನತೊಡಗಿದರು. ತಿನ್ನುತ್ತಲೇ ಪ್ರಶ್ನೆ ಕೇಳಿದರು. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ರಾತ್ರಿಯೆಲ್ಲ ಕಾದ ಮೇಲೆ ಹಗಲು ನಿದ್ದೆಗೆ ಬಿಡುತ್ತೀರಾ, ಯಾರ ಜೊತೆ ಆಡುತ್ತದೆ, ಯಾರು ಹೊಡೆಯುತ್ತಾರೆ, ಮನೆಯಲ್ಲಿ ಜಗಳವಾದರೆ ಅದು ಎಲ್ಲಿಗೆ ಹೋಗುತ್ತದೆ.

"ನಮ್ಮ ಮಾಲತೀನ ನೋಡಕ್ಕೆ ಹೋದಾಗ್ಲೂ ನಾವು ಇಷ್ಟು ಕೇಳಿರ್ಲಿಲ್ಲ ಡಾಕ್ಟ್ರಮ್ಮ," ಎಂದಳು ಜುಂಜಮ್ಮ.

"ಕೇಳಿದ್ರೆ ಚೆನ್ನಾಗಿತ್ತು ಅತ್ತೆ, ನಾನೂ ತಿರುಗಿ ಒಂದೆರಡು ಕೇಳ್ತಿದ್ದೆ," ಎಂದಳು ಮಾಲತಿ.

ಶೇಂಗಾ ಮುಗಿಯುವಷ್ಟರಲ್ಲಿ ಕೆಂದ ತಾನಾಗಿ ಎದ್ದು, ಸರಪಳಿ ಎಟುಕುವಷ್ಟು ದೂರ ಬಂದು ಡಾಕ್ಟರಮ್ಮನ ಸೀರೆಯ ಅಂಚು ಮೂಸಿತು. ಆಗ ಅವರು ಮೆಲ್ಲಗೆ ಕೈಯಿಟ್ಟು ಮೈಯೆಲ್ಲ ತಡವಿ ನೋಡಿದರು. ಕಿವಿಯೊಳಗೆ ಉಣ್ಣಿ ತುಂಬಿ ಹುಣ್ಣಾಗಿತ್ತು. ಅದನ್ನು ತೆಗೆದು ಔಷಧಿ ಹಾಕಿದರು. ಕೊರಳಿನ ಗಂಟೆ ಬಿಚ್ಚಿ ಮಾಲತಿಯ ಕೈಗೆ ಕೊಟ್ಟು, ಮನೆಯ ಆಚೆ ಬದಿಗೆ ಹೋಗಿ ಒಮ್ಮೆ ಅಲ್ಲಾಡಿಸು ಎಂದರು. ಸದ್ದು ಕೇಳಿದ್ದೇ ತಡ, ಕೆಂದ ಬಾಲವನ್ನು ಹೊಟ್ಟೆಯಡಿಗೆ ಸೇರಿಸಿ ನೆಲಕ್ಕೆ ಅಂಟಿಕೊಂಡಿತು.

"ಜುಂಜಮ್ಮ, ದೀಪಾವಳಿ ಆದ್ಮೇಲೆ ಅಂದ್ರಲ್ಲ. ಅವಾಗ ಇದಕ್ಕೆ ಎಲ್ಲಾದ್ರೂ ಪೆಟ್ಟಾಗಿತ್ತಾ? ಹತ್ರದಾಗೆ ಗಂಟೆ ಏನಾದ್ರೂ ಇತ್ತಾ?"

ಜುಂಜಮ್ಮ ನೆನಪು ಮಾಡಿಕೊಂಡಳು. ಕಾವಲಿಗೆ ಹೋಗುವ ದಾರಿಯಲ್ಲಿ ಯಾರೋ ಹೊಸದಾಗಿ ದಾಳಿಂಬೆ ತೋಟ ಮಾಡಿ ಸುತ್ತ ಸೋಲಾರ್ ತಂತಿ ಎಳೆಸಿದ್ದರು. "ಒಂದಿನ ಚುಕ್ಕಿ ಆ ತಂತಿ ಕಡೆ ನುಗ್ಗಿತ್ತು. ಅದರ ಕೊರಳಾಗೆ ಯಾವಾಗ್ಲೂ ಗಂಟೆ ಐತೆ. ಕೆಂದ ಅದನ್ನ ತಿರುಗ್ಸಕ್ಕೆ ಹೋಗಿ ಕುಂಯ್ ಅಂತ ಎಗರಿ ಬಿತ್ತು. ಚುಕ್ಕಿ ಗುದ್ದಿರ್ಬೇಕು ಅಂದ್ಕಂಡೆ ನಾನು."

"ಹೊಡೆದಿದ್ದು ತಂತಿ, ಅದ್ರಾಗಿನ ಕರೆಂಟು. ಅದು ನಿಮಗೇ ಗೊತ್ತಾಗ್ಲಿಲ್ಲ, ನಾಯಿಗೆ ಹೆಂಗೆ ಗೊತ್ತಾಗ್ಬೇಕು ಹೇಳಿ. ಪೆಟ್ಟು ಬಿದ್ದ ಗಳಿಗೇಲಿ ಕಿವೀಲಿ ಇದ್ದಿದ್ದು ಗಂಟೆ ಸದ್ದು. ಗಂಟೇನೇ ಹೊಡೀತು ಅಂತ ಇಟ್ಕಂಡೈತೆ ಅದು."

ಯಾವುದು ತನ್ನನ್ನು ಹೊಡೆಯಿತು ಎಂದು ಆ ಮೂಕಜೀವ ನಂಬಿತ್ತೋ ಅದನ್ನೇ ಅದರ ಕೊರಳಿಗೆ ಕಟ್ಟಿ, ನಡುಗಿದರೆ ನಾಟಕ ಎಂದಿದ್ದರು. ಜುಂಜಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಂದನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಡಾಕ್ಟರಮ್ಮ ಹೇಳಿದ ಔಷಧಿಯಲ್ಲಿ ಹೆಚ್ಚಿನದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮೊದಲು ಅದಕ್ಕೆ ನಿದ್ದೆ ಬೇಕು. ಹಗಲು ನೆರಳಲ್ಲಿ ಯಾರೂ ಎಬ್ಬಿಸದಂತೆ ಮಲಗಲಿ. ಬರೀ ಮುದ್ದೆಯ ಜೊತೆ ಒಂದು ಮೊಟ್ಟೆ ಬೀಳಲಿ. ಕೋಲು ಕಣ್ಣಿಗೆ ಬೀಳದಿರಲಿ. ಹೆದರಿಕೆ ತುಸು ಇಳಿದ ಮೇಲೆ, ಗಂಟೆಯನ್ನು ಬಹಳ ದೂರದಲ್ಲಿ ಮೆಲ್ಲಗೆ ಅಲ್ಲಾಡಿಸಿ ಆ ಕ್ಷಣವೇ ಬಾಯಿಗೆ ಅದರ ಇಷ್ಟದ ತಿಂಡಿ ಕೊಡಬೇಕು. ನಡುಗಿದರೆ ನೀವು ಹತ್ತಿರ ಬಂದದ್ದು ಹೆಚ್ಚಾಯಿತು ಎಂದು ಅರ್ಥ, ಹಿಂದಕ್ಕೆ ಹೋಗಿ. ಅವಸರ ಅದಕ್ಕಿಲ್ಲ, ನಿಮಗೂ ಬೇಡ. ಇಷ್ಟು ಹೇಳಿ ಅವರು ಸ್ಕೂಟಿ ಹತ್ತಿ ಹೋದರು. ಅವಸರ ಬೇಡ ಎನ್ನುವುದು ಸುಲಭ, ಇಲ್ಲಿ ಹೊರಡುವ ದಿನ ಗೊತ್ತಾಗಿಬಿಟ್ಟಿತ್ತು.

ಅತ್ತೆ ಸೊಸೆ ಕೆಲಸಕ್ಕೆ ನಿಂತರು. ಮಾಲತಿ ಗಂಟೆ ಹಿಡಿದು ಬೇವಿನ ಮರದಾಚೆ ನಿಲ್ಲುವುದು, ಜುಂಜಮ್ಮ ಕೆಂದನ ಪಕ್ಕ ಕೂತು ಕೈ ಎತ್ತುವುದು, ಅವಳು ಅಲ್ಲಾಡಿಸುವುದು, ಇವಳು ಮೊಟ್ಟೆಯ ತುಣುಕು ಕೊಡುವುದು. ಹಟ್ಟಿಯವರಿಗೆ ಬಿಟ್ಟಿ ಮೋಜು. ನಾಯಿಗೆ ಪೂಜೆ ಮಾಡ್ತಾವ್ರೆ, ಮಂಗಳಾರತಿ ಯಾವಾಗ ಎಂದು ಕೇಳಿಕೊಂಡು ಹೋದರು. ಪಾತಣ್ಣ ದೂರದಿಂದಲೇ, "ನನಗೆ ಕೈ ನೋಯ್ತಾ ಐತೆ, ಬಾಣಂತನ ನಾಯಿಗೆ," ಎಂದು ಗೊಣಗಿದ. ಆದರೂ ಬೇಡ ಎನ್ನಲಿಲ್ಲ. ಮಂದೆಗೆ ಕೆಂದನಂಥ ನಾಯಿ ಸಿಗುವುದಿಲ್ಲ ಎಂಬುದು ಅವನಿಗೂ ತಿಳಿದಿತ್ತು.

ಮಧ್ಯೆ ಒಂದು ದಿನ ಎಲ್ಲ ಕೆಟ್ಟಿತು. ಗಂಟೆ ಬೇವಿನ ಮರ ದಾಟಿ ಈಚೆಗೆ ಬಂದಿತ್ತು, ಕೆಂದ ಸದ್ದಿಗೆ ಕಿವಿ ನಿಮಿರಿಸಿ ಮೊಟ್ಟೆ ಎಲ್ಲಿ ಎಂದು ಜುಂಜಮ್ಮನ ಮುಖ ನೋಡುವಷ್ಟಾಗಿತ್ತು. ಆ ಖುಷಿಯಲ್ಲಿ ಸರಪಳಿ ಬಿಚ್ಚಿದ್ದರು. ಮಾಲತಿ ಮುಂದೆ ಹೆಜ್ಜೆಯಿಡುವಾಗ ಸೀರೆ ಕಾಲಿಗೆ ತೊಡರಿ ಗಂಟೆಯ ಸಮೇತ ಧಬಾರನೆ ಬಿದ್ದಳು. ಕೆಂದ ಕಣ್ಣೆದುರೇ ಓಟ ಕಿತ್ತಿತು. ಇಡೀ ದಿನ ಜುಂಜಮ್ಮ ಕೆಂದಾ ಕೆಂದಾ ಎಂದು ಕಾವಲೆಲ್ಲ ಅಲೆದಳು. ಸಂಜೆ ಕಾಲೆಳೆದುಕೊಂಡು ಮನೆಗೆ ಬಂದರೆ ಅದು ಅವಳಿಗಿಂತ ಮೊದಲೇ ಬಂದು ನೀರೊಲೆಯ ಮಗ್ಗುಲಲ್ಲಿ ಮಲಗಿತ್ತು. ಮಾಲತಿ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಅದರ ಎದುರು ಅಳುತ್ತ ಕೂತಿದ್ದಳು. ಮಾರನೆಯ ದಿನ ಮತ್ತೆ ಬೇವಿನ ಮರದಾಚೆಯಿಂದ ಶುರು ಮಾಡಿದರು.

ಮಂದೆ ಹೊರಡುವ ಮುನ್ನಾದಿನ ಬೆಳಗ್ಗೆ ಕೆಂದ ತಾನಾಗಿ ರೊಪ್ಪದೊಳಕ್ಕೆ ನಡೆಯಿತು. ಚುಕ್ಕಿ ತಲೆ ಕೊಡವಿತು, ಗಂಟೆ ಸದ್ದಾಯಿತು. ಕೆಂದ ನಿಂತಿತು. ಒಮ್ಮೆ ಜುಂಜಮ್ಮನ ಕಡೆ ನೋಡಿ, ಬಾಲ ಆಡಿಸಿ, ಚುಕ್ಕಿಯ ಪಕ್ಕದಲ್ಲೇ ಸುತ್ತು ಹಾಕಿ ಮಲಗಿಬಿಟ್ಟಿತು. ಅವಳಿಗೆ ಆದ ಸಂತೋಷ ಈರೇಶ ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ, ಆಗ ನೋವಿನಲ್ಲಿ ಗಮನಿಸಿರಲಿಲ್ಲ.

ಪಾತಣ್ಣನೂ ನೋಡಿದ. ಅವನ ಮುಖವೂ ಅರಳಿತು. "ಬಾರ್ಲೇ ಕೆಂದ," ಎಂದು ರೊಪ್ಪದ ಬಾಗಿಲಿಗೆ ಬಂದು ಕೂಗಿದ. ಕೂಗಿದ್ದು ಪ್ರೀತಿಯಿಂದಲೇ, ಆದರೆ ಆ ಗಂಟಲಿಗೆ ಬರುತ್ತಿದ್ದದ್ದು ಒಂದೇ ದನಿ. ಕೆಂದನ ಕಿವಿ ಹಿಂದಕ್ಕೆ ಮಡಚಿಕೊಂಡವು. ಅದು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಕುರಿಗಳ ಹಿಂದೆ ಸರಿಯಿತು. ಅದು ಸರಿದ ಜಾಗದಲ್ಲಿ ನೆಲ ಒದ್ದೆಯಾಗಿತ್ತು. ಗಂಟೆಯ ಪಕ್ಕದಲ್ಲೇ, ಗಂಟೆಗೆ ಅಂಟಿಕೊಂಡೇ, ಅದು ಅವನಿಗೆ ಹೆದರುತ್ತಿತ್ತು.

ಹಿಂದಿನ ರಾತ್ರಿಯೇ ಬಂದಿದ್ದ ದೊಡ್ಡೀರಪ್ಪ ಹಲ್ಲುಜ್ಜುತ್ತ ನಿಂತಿದ್ದವನು ಬಾಯಿ ಮುಕ್ಕಳಿಸಿ ಉಗುಳಿದ. "ಯಜಮಾನನ ಹತ್ರ ಬರದ ನಾಯಿ ಕಟ್ಕಂಡು ದಾರೀಲಿ ಏನ್ ಮಾಡ್ತೀಯ? ಲಾರಿಯವನಿಗೆ ಫೋನ್ ಮಾಡ್ಲಾ?"

ಪಾತಣ್ಣನಿಗೆ ಅವಮಾನವಾಗಿತ್ತು. "ಮಾಡು," ಎಂದ.

"ಬ್ಯಾಡ," ಎಂದಳು ಜುಂಜಮ್ಮ.

ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ಈರೇಶ ತಲೆ ಎತ್ತಿದ. ದೊಡ್ಡೀರಪ್ಪ ಊರ್ಕೋ ಎನ್ನಲು ಬಾಯಿ ತೆರೆದು ಹಾಗೇ ನಿಂತ.

"ಗಂಟೆ ಹೆದರಿಕೆ ಹೋಗೈತೆ ಈರೇಶನಪ್ಪ. ಇನ್ನು ಉಳಿದಿರೋದು ಗಂಟೆ ಕಟ್ಟಿದ ಕೈ ಹೆದರಿಕೆ. ಅದು ಕೆಟ್ಟ ನಾಯಿಯಲ್ಲ, ನಿನ್ನ ಕಂಡ್ರೆ ಅದಕ್ಕೆ ಭಯ. ಲಾರಿ ಹತ್ಸಿದ್ರೆ ನಾಯಿ ಹೋಗ್ತೈತೆ, ಕೈ ಇಲ್ಲೇ ಇರ್ತೈತೆ."

ಅವಳ ಕಾಲು ನಡುಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಪಾತಣ್ಣ ಎರಡು ಸಲ ಅವಳ ಮೇಲೆ ಕೈ ಮಾಡಿದ್ದ. ಆಮೇಲೆ ಮಾಡಿರಲಿಲ್ಲ, ಮಾಡುವ ಅಗತ್ಯ ಬಿದ್ದಿರಲಿಲ್ಲ. ಅವನು ಕೆಮ್ಮಿದರೆ ಅನ್ನ ಬಡಿಸುತ್ತಿದ್ದಳು, ಅವನ ಚಪ್ಪಲಿಯ ಸದ್ದಾದರೆ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದಳು. ಅದನ್ನೇ ಹಟ್ಟಿಯವರು ಹೊಂದಾಣಿಕೆ ಎಂದು ಹೊಗಳುತ್ತಿದ್ದರು, ಅವಳೂ ಹಾಗೇ ಅಂದುಕೊಂಡಿದ್ದಳು.

ಪಾತಣ್ಣ ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. ಅಷ್ಟಕ್ಕೇ ಕುರಿಗಳ ಹಿಂದಿನಿಂದ ಸಣ್ಣ ಮುಲುಕು ಕೇಳಿಸಿತು. ಅವನು ಕೋಲನ್ನು ನೋಡಿದ, ಕುರಿಗಳ ಕಡೆ ನೋಡಿದ, ಹೆಂಡತಿಯ ಕಾಲುಗಳನ್ನು ನೋಡಿದ. ಕೋಲನ್ನು ಈರೇಶನ ಕೈಗೆ ಕೊಟ್ಟು, "ಒಳಗಿಡೋ," ಎಂದ. ಆಮೇಲೆ ಅವನು ಅಲ್ಲಿಯವರೆಗೆ ಎಂದೂ ಕೇಳದ ಒಂದು ಮಾತು ಕೇಳಿದ.

"ನಾನೇನ್ ಮಾಡ್ಬೇಕು ಹೇಳು."

"ಕೂತ್ಕ. ಅದರ ಮುಖ ನೋಡ್ಬ್ಯಾಡ, ಮಗ್ಗುಲಾಗಿ ಕೂತ್ಕ. ಕರೀಬ್ಯಾಡ."

ರೊಪ್ಪದ ಬಾಗಿಲ ಮಣ್ಣಲ್ಲಿ ಪಾತಣ್ಣ ಕೂತ. ಜುಂಜಮ್ಮ ಮುದ್ದೆಯ ತುಣುಕು, ಮೊಟ್ಟೆ ತಂದು ಅವನ ಪಕ್ಕ ಎಲೆಯಲ್ಲಿಟ್ಟಳು. ಬಿಸಿಲು ಏರಿತು. ಮಾಲತಿ ತಂದ ಚಹಾ ಆರಿತು. ಹಾದು ಹೋದವರು ಏನಣ್ಣ ಧ್ಯಾನಕ್ಕೆ ಕೂತಿಯಾ ಎಂದರು. ಅವನು ಮಗ್ಗುಲಾಗಿಯೇ ಕೂತಿದ್ದ. ಕೆಂದ ಎರಡು ಸಲ ಎದ್ದು ಬಂದು ಎರಡು ಸಲವೂ ಹಿಂದೆ ಹೋಯಿತು. ಮಂದೆಯನ್ನು ಈರೇಶನೇ ಇನ್ನೊಂದು ಕಡೆಯಿಂದ ಹೊಡೆದುಕೊಂಡು ಹೋದ. ಆಗ ಬರಿದಾದ ರೊಪ್ಪದಲ್ಲಿ ಆ ನಾಯಿ, ಆ ಮನುಷ್ಯ, ಗೋಡೆಗೆ ಒರಗಿದ ಜುಂಜಮ್ಮ ಮೂವರೇ ಉಳಿದರು. ಕೊನೆಗೆ ಕೆಂದ ಮೈ ಕುಗ್ಗಿಸಿಕೊಂಡು ಬಂದು, ಕತ್ತು ಉದ್ದ ಮಾಡಿ, ಎಲೆಯ ಮೇಲಿನ ಮೊಟ್ಟೆ ಕಚ್ಚಿಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಮುದ್ದೆಗೂ ಬಂತು. ಈ ಸಲ ಓಡಲಿಲ್ಲ, ಅಲ್ಲೇ ನಿಂತು ತಿಂದಿತು. ಪಾತಣ್ಣ ಕೈ ಚಾಚಲಿಲ್ಲ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ, ಎತ್ತಿದರೆ ಅದು ಹೆದರೀತು ಎಂದು.

ಅಷ್ಟರಲ್ಲಿ ದೊಡ್ಡೀರಪ್ಪ ಫೋನ್ ಹಿಡಿದು ಬಂದು ಇಣುಕಿದ. "ಭಾವ," ಎಂದ ಪಾತಣ್ಣ, ದನಿಯನ್ನು ಆದಷ್ಟು ತಗ್ಗಿಸಿ. "ಲಾರಿ ಬ್ಯಾಡ. ನಾಳೆ ಇದು ನಮ್ಮ ಜೊತೆ ಬರ್ತೈತೆ. ಮಂದೆ ಮುಂದೆ ಈರೇಶ ನಡೀಲಿ, ನಾನು ದೂರದಾಗೆ ಹಿಂದೆ ಬರ್ತೀನಿ."

ದೊಡ್ಡೀರಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು ಅಲ್ಲಿಂದ ಹೋದ. ಜುಂಜಮ್ಮ ಬಂದು ಗಂಡನಿಂದ ಸ್ವಲ್ಪ ದೂರದಲ್ಲಿ ಕೂತಳು. ಕೆಂದ ಇಬ್ಬರ ನಡುವೆ ಎಲೆ ನೆಕ್ಕುತ್ತಿತ್ತು. ಪಾತಣ್ಣ ಅವಳ ಮುಖ ನೋಡಲಿಲ್ಲ, ಮಗ್ಗುಲಾಗಿಯೇ ಕೂತು ಕೇಳಿದ.

"ಜುಂಜಿ, ನಿಂಗೂ ನನ್ನ ಕಂಡ್ರೆ ಹಿಂಗೇ ಆಗ್ತಿತ್ತಾ?"

ಸುಳ್ಳು ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಈ ಹೊತ್ತು ಬಾಯಿಗೆ ಬರಲಿಲ್ಲ.

"ಹೂಂ."

"ಈಗ?"

ಅವಳು ಯೋಚಿಸಿದಳು. "ಈಗ್ಲೂ ಐತೆ, ಸ್ವಲ್ಪ."

ಪಾತಣ್ಣ ತಲೆಯಾಡಿಸಿದ. ಮಾಡಬೇಕಾದ ಕೆಲಸ ಎಷ್ಟೋ ಇತ್ತು, ಕಂಬಳಿ ಕಟ್ಟಬೇಕಿತ್ತು, ಸಾಮಾನು ಹೊಂದಿಸಬೇಕಿತ್ತು. ಅವನು ಏಳಲಿಲ್ಲ.

"ಆಗ್ಲಿ," ಎಂದ. "ಕೂತಿರ್ತೀನಿ."